ತೊಳೆಸದೆ ಉಳಿದ ರೀಲು

2011ರ ಫೆಬ್ರುವರಿ ಎರಡನೇ ವಾರ ನಿಫಾಡ್‌ನ ಬಾಡಿಗೆ ಮನೆ ಖಾಲಿ ಮಾಡುವಾಗ, ಅಡುಗೆಮನೆಯ ಅಟ್ಟದ ಮೇಲಿದ್ದ ಬೋರ್ನ್‌ವೀಟಾ ಡಬ್ಬಿಯೊಳಗೆ ಆ ರೀಲು ಸಿಕ್ಕಿತು. ಡಬ್ಬಿಯಲ್ಲಿ ಗುಂಡಿಗಳು, ಫ್ಯೂಸ್ ತಂತಿ, ಕಿವಿಯೋಲೆಯ ಒಂಟಿ ತಿರುಪು, ಇವುಗಳ ನಡುವೆ ಬೂದು ಮುಚ್ಚಳದ ಒಂದು ಕರಿ ಪ್ಲಾಸ್ಟಿಕ್ ಕರಡಿಗೆ. ಅದಕ್ಕೆ ಅಂಟಿಸಿದ್ದ ಪಟ್ಟಿಯ ಮೇಲೆ ಅಮ್ಮನ ಕೈಬರಹ: ‘ನಾಂದೂರ, ಜನೇವರಿ 93’. ಮಗಳು ಅದನ್ನು ಕೆಳಗಿಳಿಸಿ ಅಪ್ಪನ ಕೈಗೆ ಕೊಟ್ಟಳು. ಅವರು ಮುಚ್ಚಳ ತೆಗೆದು ಒಳಗಿನ ಕ್ಯಾಸೆಟ್ಟನ್ನು ಹೊರಳಿಸಿ ನೋಡಿ, ಕಟ್ಟಿಟ್ಟಿದ್ದ ಹಾಸಿಗೆಯ ಗಂಟಿನ ಮೇಲೆ ಕೂತುಬಿಟ್ಟರು.

“ಮೂರು ವಾರ ತಡಾ ಆತು,” ಎಂದರು.

ಹದಿನೆಂಟು ವರ್ಷ ಎನ್ನುವ ಬದಲು ಬಾಯಿ ತಪ್ಪಿ ಹೀಗೆನ್ನುತ್ತಿದ್ದಾರೆ ಎಂದುಕೊಂಡಳು ಮಗಳು. ಬಾಯಿ ತಪ್ಪಿರಲಿಲ್ಲ. ಅದು ಕೊಡಾಕ್ರೋಮ್ 64. ಅದನ್ನು ತೊಳೆಯುವ ಜಗತ್ತಿನ ಕಟ್ಟಕಡೆಯ ಯಂತ್ರ ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿ, ಡ್ವೇನ್ಸ್ ಫೋಟೊ ಎಂಬ ಮನೆತನದ ಲ್ಯಾಬಿನಲ್ಲಿ ಇತ್ತು. 2010ರ ಡಿಸೆಂಬರ್ 30ರೊಳಗೆ ಕೈಸೇರಿದ ರೀಲುಗಳನ್ನಷ್ಟೇ ತೊಳೆಯುತ್ತೇವೆಂದು ಅವರು ಮೊದಲೇ ಹೇಳಿದ್ದರು. ಬಂದ ರಾಶಿಯನ್ನು ತೊಳೆದು ಮುಗಿಸಿದ್ದು 2011ರ ಜನವರಿ 18ಕ್ಕೆ. ಅಲ್ಲಿಗೆ ಎಪ್ಪತ್ತೈದು ವರ್ಷದ ವ್ಯವಹಾರ ಮುಗಿಯಿತು. ಈ ಸುದ್ದಿಯನ್ನೆಲ್ಲ ಪೇಪರಿನಲ್ಲಿ ಓದಿ, ಕತ್ತರಿಸಿ, ಡೈರಿಯಲ್ಲಿಟ್ಟುಕೊಂಡಿದ್ದ ಮನುಷ್ಯ ಆತ. ತನ್ನ ಮನೆಯ ಅಟ್ಟದ ಮೇಲೇ ಒಂದು ರೀಲು ಕಾಯುತ್ತಿದೆ ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆ ರೀಲು ಕಳೆದುಹೋಗಿದೆ, ಕಳೆದವರು ಯಾರೆಂಬುದೂ ತನಗೆ ಗೊತ್ತು, ಎಂದೇ ಅವರು ಹದಿನೆಂಟು ವರ್ಷ ನಂಬಿದ್ದರು.

ಅವರು ಧಾರವಾಡದ ಕಡೆಯವರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೆಲಸಕ್ಕೆ ಸೇರಿ, ಎಪ್ಪತ್ತರ ದಶಕದಲ್ಲಿ ಮಿಗ್ ವಿಮಾನ ತಯಾರಾಗುವ ಓಝರ್‌ಗೆ ವರ್ಗವಾಗಿ ಬಂದವರು. ಓಝರ್ ಇರುವುದು ನಿಫಾಡ್ ತಾಲ್ಲೂಕಿನಲ್ಲಿ. ಟೌನ್‌ಶಿಪ್ಪಿನ ಅದೇ ಸಾಲಿನಲ್ಲಿ ಮೈಸೂರು ಕಡೆಯ ಇನ್ನೊಬ್ಬ ಎಂಜಿನಿಯರರ ಸಂಸಾರವಿತ್ತು. ಇವರ ‘ಹೌದಲ್ರಿ’, ಅವರ ‘ಹೌದಲ್ವಾ’ ಎರಡೂ ಬೆರೆತ ಕನ್ನಡವನ್ನು ಎರಡು ಮನೆಯ ಮಕ್ಕಳೂ ಆಡುತ್ತಿದ್ದರು. ಧಾರವಾಡದಲ್ಲೂ ನಗುತ್ತಿದ್ದರು, ಮೈಸೂರಿನಲ್ಲೂ ನಗುತ್ತಿದ್ದರು.

ವಿಮಾನದ ಕಡೆ ಕ್ಯಾಮೆರಾ ಎತ್ತುವಂತಿರಲಿಲ್ಲ. ಹಾಗಾಗಿ ಹಕ್ಕಿಗಳು. ನಿಫಾಡ್‌ನಿಂದ ಸ್ವಲ್ಪ ದೂರದಲ್ಲಿ ಗೋದಾವರಿಗೆ ಕಾದವಾ ನದಿ ಸೇರುತ್ತದೆ. ಅಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ನಾಂದೂರ್ ಮಧ್ಯಮೇಶ್ವರ ಒಡ್ಡು ಇದೆ. ನೂರು ವರ್ಷದ ಹೂಳು ತುಂಬಿ ನಡುಗಡ್ಡೆಗಳೂ ಜೊಂಡೂ ಬೆಳೆದು, ನೀರಾವರಿಗೆಂದು ಕಟ್ಟಿದ್ದು ಹಕ್ಕಿಗಳ ಪಾಲಾಯಿತು. 1986ರಲ್ಲಿ ಪಕ್ಷಿಧಾಮವೆಂದು ಘೋಷಿಸಿದರು. 2020ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿ ಸೇರಿದ ಮಹಾರಾಷ್ಟ್ರದ ಮೊದಲ ಜಾಗವೂ ಇದೇ. ಇಲ್ಲಿಂದ ಹರಿದ ನೀರು ಮುಂದೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿ ಜಾಯಕವಾಡಿಯಲ್ಲಿ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ನಿಫಾಡ್‌ನ ಚಳಿ ಎಷ್ಟೆಂದರೆ ದ್ರಾಕ್ಷಿ ಬೆಳೆಯುವವರು ತೋಟದ ನಡುವೆ ರಾತ್ರಿ ಬೆಂಕಿ ಹಾಕುತ್ತಾರೆ. ಆ ಚಳಿಯಲ್ಲಿ ಎರಡು ಸ್ಕೂಟರು ಕಟ್ಟಿಕೊಂಡು ಎರಡೂ ಸಂಸಾರ ನಾಂದೂರಿಗೆ ಹೋಗುತ್ತಿತ್ತು. ಗಂಡಸರಿಗೆ ಹಕ್ಕಿ, ಹೆಂಗಸರಿಗೆ ಅವಲಕ್ಕಿಯ ಡಬ್ಬಿ ಕಾಯುವ ಕೆಲಸ. ಹಾಗೆಂದು ಗಂಡಸರು ತಿಳಿದಿದ್ದರು.

ಕೊಡಾಕ್ರೋಮ್ 64 ಹಕ್ಕಿ ಹಿಡಿಯಲು ಯೋಗ್ಯವಾದ ಫಿಲ್ಮೇ ಅಲ್ಲ. ಸುಡುಬಿಸಿಲಿನಲ್ಲೂ ಎಫ್ 8, ಸೆಕೆಂಡಿನ 250ನೇ ಒಂದು ಭಾಗ, ಅದಕ್ಕಿಂತ ಹೆಚ್ಚು ವೇಗ ಸಿಗುವುದು ಕಷ್ಟ. ಹಾರುವ ಪಟ್ಟೆತಲೆಯ ಹೆಬ್ಬಾತು ಅದರಲ್ಲಿ ಬರಿ ಬೂದು ಗೀರು. ನಿಂತ ಹಕ್ಕಿ ಮಾತ್ರ, ಅದರಲ್ಲೂ ನೇರಳೆ ಜಂಬುಕೋಳಿಯ ಕೆಂಪು ಹಣೆ, ಬೇರೆ ಯಾವುದರಲ್ಲೂ ಹಾಗೆ ಬರುತ್ತಿರಲಿಲ್ಲವೆಂದು ಅವರ ಹಟ. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ರೀಲು ಸಿಗುತ್ತಿತ್ತು, ಪೂರ್ವ ಜರ್ಮನಿಯ ಓರ್ವೊ ಸಿಗುತ್ತಿತ್ತು. ಇವರಿಗೆ ಬೇಕಾದದ್ದು ಅಮೆರಿಕದಿಂದ ಯಾರಾದರೂ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ತೆಗೆದ ಮೇಲೆ ತೊಳೆಸಲು ಮತ್ತೆ ಅಮೆರಿಕಕ್ಕೇ ಹೋಗುವವರು ಬೇಕು. ವರ್ಷಕ್ಕೆ ಏಳೆಂಟು ರೀಲು. ಯಾವ ರೀಲು, ಯಾವ ದಿನ, ಯಾವ ಫ್ರೇಮಿಗೆ ಎಷ್ಟು ಬೆಳಕು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಕರಡಿಗೆಗೆ ಪಟ್ಟಿ ಬರೆದು ಅಂಟಿಸುವುದು ಹೆಂಡತಿಯ ಕೆಲಸ. ಮೂರು ನಾಲ್ಕು ತಿಂಗಳ ಮೇಲೆ ಬಂದ ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತಿತ್ತು. ಅದು ಚಿತ್ರ ತೆಗೆದ ತಿಂಗಳಲ್ಲ, ತೊಳೆದ ತಿಂಗಳು. ಜನವರಿಯ ಹಕ್ಕಿಗೆ ಏಪ್ರಿಲ್ ಎಂದು ಮುದ್ರೆ.

ಫಿಲ್ಮನ್ನು ಕನ್ನಡದಲ್ಲಿ ‘ತೊಳೆಸುವುದು’ ಎನ್ನುತ್ತೇವೆ. ಮರಾಠಿಯವರೂ ಧೋಬಿಗೆ ಬಟ್ಟೆ ಕೊಡುವ ಕ್ರಿಯಾಪದವನ್ನೇ ರೋಲಿಗೂ ಬಳಸುತ್ತಾರೆ. ಕೊಳೆ ಹೋದರೆ ಚಿತ್ರ ಕಾಣುತ್ತದೆ, ಅದು ಮೊದಲೇ ಒಳಗಿತ್ತು ಎಂಬ ಭಾವನೆ ಈ ಮಾತಿನಲ್ಲಿದೆ. ಬೇರೆ ಬಣ್ಣದ ಫಿಲ್ಮುಗಳಿಗೆ ಇದು ಸುಮಾರಾಗಿ ಒಪ್ಪುತ್ತದೆ. ಬಣ್ಣವಾಗಬಲ್ಲ ರಾಸಾಯನಿಕ ಅವುಗಳ ಪದರದಲ್ಲೇ ಇರುತ್ತದೆ, ತೊಳೆಯುವ ದ್ರಾವಣ ಅದನ್ನು ಎಬ್ಬಿಸುತ್ತದೆ. ಕೊಡಾಕ್ರೋಮ್ ವಿಷಯದಲ್ಲಿ ಈ ಮಾತು ಪೂರ್ತಿ ತಲೆಕೆಳಗು. ಆ ಫಿಲ್ಮಿನಲ್ಲಿ ಬಣ್ಣವೇ ಇಲ್ಲ. ಇರುವುದು ಮೂರು ಕಪ್ಪುಬಿಳುಪು ಪದರ. ಒಂದು ಕೆಂಪು ಬೆಳಕನ್ನು ನೆನಪಿಟ್ಟುಕೊಳ್ಳುತ್ತದೆ, ಒಂದು ಹಸಿರನ್ನು, ಒಂದು ನೀಲಿಯನ್ನು. ತೊಳೆಯುವಾಗ ಮೊದಲು ಬೆನ್ನಿಗಂಟಿದ ಕರಿಯ ಲೇಪ ತೆಗೆದು, ಮಾಮೂಲಿ ಕಪ್ಪುಬಿಳುಪಿನಂತೆ ಡೆವಲಪ್ ಮಾಡುತ್ತಾರೆ. ಆಮೇಲೆ ತಳದಿಂದ ಕೆಂಪು ಬೆಳಕು ಹಾಯಿಸಿ ಒಂದು ಪದರಕ್ಕೆ ಹಸಿರುನೀಲಿ ವರ್ಣ ಕಟ್ಟುತ್ತಾರೆ. ಮೇಲಿನಿಂದ ನೀಲಿ ಬೆಳಕು ಬಿಟ್ಟು ಇನ್ನೊಂದಕ್ಕೆ ಹಳದಿ. ಉಳಿದದ್ದಕ್ಕೆ ರಾಸಾಯನಿಕವಾಗಿಯೇ ಮಂಜು ಕವಿಸಿ ಕೆನ್ನೇರಳೆ. ಕೊನೆಗೆ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆದರೆ ಬಣ್ಣ ಮಾತ್ರ ಉಳಿಯುತ್ತದೆ. ಅಂದರೆ ಇದು ಅಗಸನ ಕೆಲಸವಲ್ಲ, ಬಣ್ಣಗಾರನದು. ತೊಳೆಸದ ಕೊಡಾಕ್ರೋಮ್ ಎಂದರೆ ಬಣ್ಣ ಹಾಕದ ಸೀರೆ.

ಇದನ್ನು ಕಂಡುಹಿಡಿದವರು ಲಿಯೊಪೋಲ್ಡ್ ಮಾನ್ಸ್ ಮತ್ತು ಲಿಯೊಪೋಲ್ಡ್ ಗೊಡೋವ್‌ಸ್ಕಿ, ಒಬ್ಬರು ಪಿಯಾನೊ, ಇನ್ನೊಬ್ಬರು ಪಿಟೀಲು. ಗಡಿಯಾರ ಕಾಣದ ಕತ್ತಲೆಕೋಣೆಯಲ್ಲಿ ಬ್ರಾಮ್ಸ್‌ನ ಸಂಗೀತವನ್ನು ಶಿಳ್ಳೆ ಹಾಕಿ ಹೊತ್ತು ಅಳೆಯುತ್ತಿದ್ದರೆಂದು ಕಥೆ. ಮೊದಲು 1935ರಲ್ಲಿ ಸಿನಿಮಾ ಫಿಲ್ಮಾಗಿ ಬಂತು, ಮರುವರ್ಷ ಸ್ಲೈಡಾಗಿ. ಆದರೆ ಈ ತೊಳೆತ ಮನೆಯಲ್ಲಿ ಆಗುವಂಥದ್ದಲ್ಲ, ಊರ ಸ್ಟುಡಿಯೋದಲ್ಲೂ ಅಲ್ಲ. ದೊಡ್ಡ ಯಂತ್ರ ಬೇಕು, ಜೊತೆಗೆ ರಸಾಯನ ಬಲ್ಲವರು ಬೇಕು, ಮತ್ತು ಯಂತ್ರ ಖಾಲಿ ಕೂರದಷ್ಟು ರೀಲುಗಳು ದಿನವೂ ಬರಬೇಕು. ಸುಲಭವಾಗಿ ತೊಳೆಯಬಹುದಾದ ಸ್ಲೈಡು ಫಿಲ್ಮುಗಳು ಬಂದವು, 1990ರಲ್ಲಿ ಫ್ಯೂಜಿಯ ವೆಲ್ವಿಯ ಬಂತು, ಆಮೇಲೆ ಡಿಜಿಟಲ್. ಕೊಡಾಕ್ ತಯಾರಿಕೆ ನಿಲ್ಲಿಸುತ್ತೇವೆಂದು 2009ರ ಜೂನ್ 22ರಂದು ಹೇಳುವ ಹೊತ್ತಿಗೆ ಅದರ ಫಿಲ್ಮು ಮಾರಾಟದಲ್ಲಿ ಕೊಡಾಕ್ರೋಮ್ ಪಾಲು ಶೇ. 1ಕ್ಕೂ ಕಡಿಮೆ. 2012ರ ಜನವರಿಯಲ್ಲಿ ಕೊಡಾಕ್ ತಾನೇ ದಿವಾಳಿ ಅರ್ಜಿ ಹಾಕಿತು.

ಕೊನೆಗೆ ತಯಾರಾದ ರೀಲನ್ನು ಸ್ಟೀವ್ ಮೆಕರಿಗೆ ಕೊಟ್ಟರು. 36 ಫ್ರೇಮು. ಅದರಲ್ಲಿ ಒಂದಷ್ಟನ್ನು ಆತ ಭಾರತದಲ್ಲೇ ಖರ್ಚು ಮಾಡಿದ: ಮುಂಬೈಯ ಸಿನಿಮಾ ಮಂದಿ, ರಾಜಸ್ಥಾನದ ರಬಾರಿಗಳು. ಪೇಪರಿನಲ್ಲಿ ಓದಿದ ಈ ಸುದ್ದಿ ನಮ್ಮ ನಿವೃತ್ತ ಎಂಜಿನಿಯರರಿಗೆ ಅಷ್ಟೇನೂ ಹಿಡಿಸಲಿಲ್ಲ. ಅವರಿಗೆ ಹಿಡಿಸಿದ್ದು ಇನ್ನೊಂದು ಸುದ್ದಿ. ಕೊನೆಯ ವಾರ ಅಮೆರಿಕದ ರೈಲ್ವೆ ನೌಕರನೊಬ್ಬ ಪಾರ್ಸನ್ಸ್‌ಗೆ ಬಂದು ತನ್ನ 1,580 ರೀಲುಗಳನ್ನು ತೊಳೆಸಿಕೊಂಡು ಹೋದನಂತೆ, ಅದಕ್ಕೆ ಸುಮಾರು 15,800 ಡಾಲರ್ ತೆತ್ತನಂತೆ. ಎಲ್ಲವೂ ರೈಲಿನ ಚಿತ್ರಗಳು. “ಭೇಷ್,” ಎಂದು ಆ ಪೇಪರ್ ತುಣುಕಿನ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.

ಇನ್ನೊಂದು ಗುಣವನ್ನೂ ಹೇಳಬೇಕು. ಕತ್ತಲಲ್ಲಿಟ್ಟರೆ ಕೊಡಾಕ್ರೋಮ್‌ನಷ್ಟು ಬಾಳುವ ಬಣ್ಣದ ಫಿಲ್ಮು ಆ ಕಾಲದಲ್ಲಿ ಇರಲಿಲ್ಲ. ಪ್ರೊಜೆಕ್ಟರಿನ ದೀಪಕ್ಕೆ ಹಿಡಿದರೆ ಮಾತ್ರ ಅದು ಬೇರೆಯವುಗಳಿಗಿಂತ ಬೇಗ ಮಾಸುತ್ತದೆ. ನೋಡದಿದ್ದರೆ ಉಳಿಯುತ್ತದೆ, ನೋಡಿದಷ್ಟೂ ಹೋಗುತ್ತದೆ. ಅಜಂತಾದ ಗುಹೆಗಳ ಗೋಳೂ ಇಂಥದ್ದೇ. ಅಲ್ಲಿಯ ಚಿತ್ರಗಳನ್ನು ರಾಬರ್ಟ್ ಗಿಲ್ 1840ರ ದಶಕದಿಂದ ವರ್ಷಗಟ್ಟಲೆ ಕೂತು ನಕಲು ಮಾಡಿದ. ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಹೋದವು. ಮುಂಬೈಯ ಜೆ.ಜೆ. ಕಲಾಶಾಲೆಯ ಹುಡುಗರನ್ನು ಕಟ್ಟಿಕೊಂಡು ಜಾನ್ ಗ್ರಿಫಿತ್ಸ್ 1872ರಿಂದ ಮತ್ತೆ ನಕಲು ಮಾಡಿಸಿದ. ಅದರಲ್ಲೂ ಎಷ್ಟೋ 1885ರಲ್ಲಿ ಲಂಡನ್ನಿನಲ್ಲೇ ಸುಟ್ಟವು. ಭದ್ರವಾಗಿರಲೆಂದು ಕಳಿಸಿದ್ದು ಸುಟ್ಟಿತು, ಗುಹೆಯ ಕತ್ತಲಲ್ಲಿ ಬಿಟ್ಟದ್ದು ಇಂದಿಗೂ ಇದೆ. ಎರಡು ಸಂಸಾರವೂ ಒಮ್ಮೆ ಅಜಂತಾಕ್ಕೆ ಹೋಗಿತ್ತು. ಫ್ಲ್ಯಾಷ್ ಹಾಕುವಂತಿಲ್ಲ, ಫಿಲ್ಮು ನಿಧಾನದ್ದು, ಇಡೀ ರೀಲು ಕಪ್ಪಾಗಿ ಬಂತು. ಮೈಸೂರಿನವರು ಅದನ್ನೇ ವರ್ಷಗಟ್ಟಲೆ ಎತ್ತಿ ಆಡಿಕೊಂಡರು: “ನಿಮ್ಮ ಅಜಂತಾ ತೋರ್ಸಿ ಸ್ವಾಮಿ, ದೀಪ ಆರ್ಸೋದೇ ಬೇಡ.”

ಸ್ಲೈಡ್ ಪ್ರದರ್ಶನ ವರ್ಷಕ್ಕೆ ಎರಡೇ ಸಲ, ಗಣೇಶ ಚೌತಿ ಮತ್ತು ದೀಪಾವಳಿಗೆ. ಗೋಡೆಗೆ ಬಿಳಿ ಪಂಚೆ. ಒಂದೊಂದು ಸ್ಲೈಡಿಗೆ ಎಣಿಸಿ ಹತ್ತು ಸೆಕೆಂಡು. “ಇನ್ನೊಂದ್ ಸ್ವಲ್ಪ ಇರ್ಲಿ,” ಎಂದು ಮೈಸೂರಿನವರು ಪ್ರತಿ ಸಲವೂ ಕೇಳುತ್ತಿದ್ದರು. “ಬಣ್ಣ ಹೋಗ್ತದ್ರಿ,” ಎಂದು ಇವರು ಪ್ರತಿ ಸಲವೂ ತೆಗೆದುಬಿಡುತ್ತಿದ್ದರು.

1993ರ ಬೇಸಿಗೆಯಲ್ಲಿ ಮೈಸೂರಿನವರು ಅಮೆರಿಕದ ಮಗನ ಮನೆಗೆ ಹೊರಟರು. ಇವರು ನೋಟ್‌ಬುಕ್ಕಿನ ಪ್ರಕಾರ ಆರು ರೀಲು ಕೊಟ್ಟರು. ಐದರ ಸ್ಲೈಡುಗಳು ಬಂದವು. ಬಾರದ್ದು ನಾಂದೂರಿನದು. “ನೀವು ಕೊಟ್ಟಿದ್ದೇ ಐದು,” ಎಂದರು ಅವರು. “ಬರದಿಟ್ಟೇನ್ರಿ ನಾ,” ಎಂದರು ಇವರು. ಎಂಜಿನಿಯರ್ ಆದವನಿಗೆ ಬರೆದಿಟ್ಟ ಲೆಕ್ಕವೇ ಪ್ರಮಾಣ. ಬರೆದದ್ದನ್ನು ಚೀಲಕ್ಕೆ ಹಾಕಿದ್ದೂ ಆಯಿತೆಂದು ಅದರಿಂದ ಹೇಗೆ ತಿಳಿಯುತ್ತದೆ ಎಂದು ಅಂದು ಯಾರೂ ಕೇಳಲಿಲ್ಲ. “ಹೋಗ್ಲಿ ಬಿಡ್ರಿ, ಒಂದು ರೀಲಿಗೆ,” ಎಂದು ಹೆಂಡತಿ ಮಾತ್ರ ಅಂದಿದ್ದರು. ಮಾತು ನಿಂತಿತು. ಹೆಂಗಸರು ಕೆಲಕಾಲ ಹಿತ್ತಲಿನಿಂದ ಹಿತ್ತಲಿಗೆ ಉಪ್ಪಿನಕಾಯಿ ಕಳಿಸಿಕೊಂಡರು, ಅದೂ ನಿಂತಿತು. 1996ರಲ್ಲಿ ಇವರ ಹೆಂಡತಿ ತೀರಿಕೊಂಡಾಗ ಮೈಸೂರಿನವರು ಬಂದು ಬಾಗಿಲ ಬಳಿ ನಿಂತು ಹೋದರು. ನಿವೃತ್ತರಾಗಿ ಅವರು ಮೈಸೂರಿಗೆ ಮರಳಿದ್ದು ಇವರಿಗೆ ಬೇರೆಯವರಿಂದ ತಿಳಿಯಿತು.

ರೀಲು ಸಿಕ್ಕ ಮೇಲೆ ಅವರು ಅದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಪುಣೆಯ ಮಗಳ ಮನೆಯ ಫ್ರಿಜ್ಜಿನಲ್ಲಿ ಇಟ್ಟರು. ಕೊಡಾಕ್ರೋಮನ್ನು ಕಪ್ಪುಬಿಳುಪಾಗಿ ತೊಳೆಯಬಹುದು, ಅದಕ್ಕೆ ಕಾನ್ಸಾಸ್ ಬೇಡ. ಆದರೆ ಒಮ್ಮೆ ಹಾಗೆ ತೊಳೆಸಿದರೆ ಬಣ್ಣದ ಆಸೆ ಮುಗಿದಂತೆ. ಯಾರಾದರೂ ಎಲ್ಲಾದರೂ ಆ ಯಂತ್ರವನ್ನು ಮತ್ತೆ ನಡೆಸಿಯಾರು ಎಂದು ಅವರು ಹೇಳುತ್ತಿರಲಿಲ್ಲ, ಆದರೆ ಕಾಯುತ್ತಿದ್ದರು. ಮಗಳಿಗೆ ಅಮ್ಮನನ್ನು ನೋಡಬೇಕಿತ್ತು. ಆ ದಿನ ಅಮ್ಮ ಉಟ್ಟಿದ್ದ ಇಳಕಲ್ ಸೀರೆಯ ಮೈ ಹಸಿರೆಂದು ಅವಳ ನೆನಪು. ಅಪ್ಪನ ಪ್ರಕಾರ ದಾಳಿಂಬೆ ಕೆಂಪು. ಊಟಕ್ಕೆ ಕೂತಾಗಲೆಲ್ಲ ಈ ಮಾತು.

ಕೊನೆಗೆ ಬೆಂಗಳೂರಿನಲ್ಲಿ ಇನ್ನೂ ಕತ್ತಲೆಕೋಣೆ ಇಟ್ಟುಕೊಂಡಿದ್ದ ಅವಳ ಗೆಳೆಯನೊಬ್ಬ ತೊಳೆದುಕೊಟ್ಟ. ಬೆನ್ನಿನ ಕರಿಲೇಪ ಬಿಡಿಸಲು ವಾಷಿಂಗ್ ಸೋಡಾದ ನೀರು ಬಳಸಿದ. ಅಷ್ಟರ ಮಟ್ಟಿಗೆ ಕನ್ನಡದ ಕ್ರಿಯಾಪದ ನಿಜವಾಯಿತು. ಒಳಗೆ ಹಳದಿ ಶೋಧಕದ ಪದರವೊಂದು ಇರುತ್ತದೆ. ಅದು ಹೋಗದೆ ನೆಗೆಟಿವ್ ಚಹಾದ ಕಷಾಯದಂತೆ ಕಂದಾಗಿ ಬಂತು. 36 ಫ್ರೇಮಿನಲ್ಲಿ ಏನಾದರೂ ಕಾಣುವುದು 11ರಲ್ಲಿ. ಏಳು ಹಕ್ಕಿ, ಅದರಲ್ಲಿ ಮೂರು ಯಾವ ಹಕ್ಕಿಯೆಂದು ಗೊತ್ತಾಗುವುದಿಲ್ಲ. ಉಳಿದ ನಾಲ್ಕರಲ್ಲಿ ಇಬ್ಬರು ಹೆಂಗಸರು ಒಡ್ಡಿನ ಕಲ್ಲಿನ ಮೇಲೆ ಕೂತಿದ್ದಾರೆ. ಇವರ ಹೆಂಡತಿಯ ಕೈಯಲ್ಲಿ ದುರ್ಬೀನು ಇದೆ, ಇನ್ನೊಬ್ಬರು ಎಲ್ಲಿಗೋ ಬೆರಳು ತೋರಿಸುತ್ತಿದ್ದಾರೆ. ಅವಲಕ್ಕಿ ಡಬ್ಬಿ ಹಿಂದೆ ಎಲ್ಲೋ ಬಿದ್ದಿದೆ. ಸೀರೆಯ ಮೈ ನಡುಬೂದು. ಕೆಂಪಾದರೂ ಹಸಿರಾದರೂ ಅದೇ ಬೂದು ಬರುತ್ತಿತ್ತು.

ಮೈಸೂರಿನ ನಂಬರ್ ಹುಡುಕಲು ಎರಡು ದಿನ ಹಿಡಿಯಿತು. ಸೀರೆಯ ಬಣ್ಣ ಕೇಳಲು ಮಾಡುತ್ತಿದ್ದೇನೆ ಎಂದು ಮಗಳಿಗೆ ಹೇಳಿ ಅವರು ಫೋನ್ ಎತ್ತಿಕೊಂಡರು. ಆ ಕಡೆ ಗೆಳೆಯರೇ ಎತ್ತಿದರು. ಇವರು ಹೆಸರು ಹೇಳಿದ ಮೇಲೆ ಕೊಂಚ ಹೊತ್ತು ಏನೂ ಕೇಳಿಸಲಿಲ್ಲ.

“ರೀಲು ಸಿಕ್ತಾ?” ಎಂದರು ಅವರು.

“ಸಿಕ್ತು. ಅಟ್ಟದ ಮ್ಯಾಲೆ ಇತ್ತು. ನಂದ ತಪ್ಪು.”

ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು, ಹೆಚ್ಚಿನದು ಮೊಣಕಾಲಿನ ವಿಷಯ. ಕೊನೆಗೆ ಗೆಳೆಯರ ಹೆಂಡತಿ ಫೋನ್ ತೆಗೆದುಕೊಂಡು, ಕೆಂಪೂ ಅಲ್ಲ ಹಸಿರೂ ಅಲ್ಲ, ಮಸಿಯಂಥ ನೀಲಿ, ಸೆರಗು ಮಾತ್ರ ಕೆಂಪು, ಆ ಸೀರೆಯನ್ನು ಆಗ ತಾನೂ ಉಡಲು ಇಸಿದುಕೊಂಡಿದ್ದೆ ಎಂದರು. ಅಪ್ಪ ನೋಟ್‌ಬುಕ್ ತರಿಸಿ, 1993ರ ಪುಟ ತೆಗೆದು, ಆ ರೀಲಿನ ಮುಂದೆ ‘ನೀಲಿ’ ಎಂದು ಬರೆದುಕೊಂಡರು. ಮಗಳು ಇನ್ನೂ ಹಸಿರು ಎನ್ನುತ್ತಾಳೆ.