ಹಿಂದಿನ ಸೀಟಿನ ತೂಕ

"ಅಮ್ಮಾ, ನಿನ್ನ ತೂಕ ಎಷ್ಟು?" ಎಂದು ಮಗ ಕೇಳಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅರವತ್ತು ದಾಟಿದ ಹೆಂಗಸನ್ನು ಕೇಳುವ ಪ್ರಶ್ನೆಯೇ ಇದು? "ಅರವತ್ತೆರಡು ಕಿಲೋ" ಎಂದೆ. ಹತ್ತು ವರ್ಷಗಳಿಂದ ಎಲ್ಲರಿಗೂ ನಾನು ಕೊಡುತ್ತ ಬಂದ ಉತ್ತರ ಅದೇ.

"ಖರೇ ಹೇಳು. ಅದನ್ನ ನೋಡಿ ಗಾಳಿ ಹಾಕಬೇಕು."

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಾವಿರುವುದು ಪುಣೆಯಲ್ಲಿ. 2019ರ ದೀಪಾವಳಿಗೆ ಮಗ ಹಾರ್ಲೆ-ಡೇವಿಡ್‌ಸನ್ ಕಂಪನಿಯ ದೂರ ಪ್ರಯಾಣದ ಬೈಕೊಂದನ್ನು ತಂದ. 2013ರ ಮಾದರಿ, ಸೆಕೆಂಡ್ ಹ್ಯಾಂಡ್. ಸುಮಾರು 400 ಕಿಲೋ ತೂಗುವ ಆ ಗಾಡಿಯನ್ನು ನೋಡಿ ಸೊಸೈಟಿಯ ಮಕ್ಕಳೆಲ್ಲ ಸೇರಿದರು. "ಈ ದುಡ್ಡಿಗೆ ಕಾರೇ ಬರುತ್ತಿತ್ತು" ಎಂದು ಯಜಮಾನರು ಗೊಣಗಿದರು. ನಾನು ಮಾತ್ರ ಹಿಂದಿನ ಸೀಟನ್ನು ನೋಡಿದೆ. ಬೆನ್ನಿಗೆ ಒರಗು, ಪಕ್ಕಕ್ಕೆ ಕೈಯಾಸರೆ, ಮೆತ್ತೆಯಂತೂ ನಮ್ಮ ಸೋಫಾಕ್ಕಿಂತ ಮೃದು. ಇಪ್ಪತ್ತೈದು ವರ್ಷ ಸ್ಕೂಟರಿನ ಹಿಂದೆ ಸೀರೆ ಉಟ್ಟು, ಒಂದೇ ಬದಿಗೆ ಕಾಲು ಇಳಿಬಿಟ್ಟು ಬ್ಯಾಂಕಿಗೆ ಹೋಗಿಬಂದವಳು ನಾನು. ಎರಡೂ ಕಡೆ ಕಾಲಿಟ್ಟು ಕೂತವರು ಗುಂಡಿ ಬಂದಾಗ ಪಾದ ಊರಿ ತುಸು ಏಳಬಹುದು. ಅಡ್ಡ ಕೂತವರಿಗೆ ಆ ಭಾಗ್ಯವೂ ಇಲ್ಲ. ಬಂದ ಪೆಟ್ಟೆಲ್ಲ ಟೊಂಕಕ್ಕೇ.

ಆ ನವೆಂಬರಿನಲ್ಲಿ ಸಲ್ವಾರ್ ತೊಟ್ಟು, ಹೆಲ್ಮೆಟ್ ಏರಿಸಿ ಮಗನ ಹಿಂದೆ ಲೋಣಾವಳಕ್ಕೆ ಹೊರಟೆ. ಅರ್ಧ ದಾರಿಯಲ್ಲೇ, ಬಣ್ಣ ಮಾಸಿದ ಒಂದು ಸ್ಪೀಡ್ ಬ್ರೇಕರ್ ಅವನ ಕಣ್ಣಿಗೆ ಬೀಳಲಿಲ್ಲ. ಧಡ್ ಎಂದು ಒಂದು ಸದ್ದು. ಬೆನ್ನಿನ ಬುಡದಿಂದ ಕತ್ತಿನವರೆಗೆ ಮಿಂಚು ಹೊಡೆದಂತಾಯಿತು. ವಾಪಸು ಬಂದದ್ದು ಟ್ಯಾಕ್ಸಿಯಲ್ಲಿ. ಮೂರು ವಾರ ಹಲಗೆಯ ಮಂಚ, ಟೊಂಕಕ್ಕೆ ಪಟ್ಟಿ. ಇನ್ನೊಮ್ಮೆ ಇಂಥ ಪೆಟ್ಟು ಬಿದ್ದರೆ ಬೆನ್ನುಮೂಳೆಯ ಡಿಸ್ಕ್ ಜಾರೀತು ಎಂದು ಡಾಕ್ಟರು ಹೆದರಿಸಿದರು. ಆ ಗಾಡಿಯ ಹೆಸರೆತ್ತಬೇಡ ಎಂದು ಮಗನಿಗೆ ಹೇಳಿಬಿಟ್ಟೆ.

ಅವನಿಗೆ ನಿದ್ದೆ ಹತ್ತಲಿಲ್ಲವಂತೆ. ಕೈಪಿಡಿ ಓದಿ ಕಾರಣ ಕಂಡುಕೊಂಡ. ಸಾಮಾನ್ಯವಾಗಿ ಬೈಕಿನ ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತದೆ. ಪಾನಾದಿಂದ ಅದನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡುತ್ತಾರೆ. ಈ ಗಾಡಿಯಲ್ಲಿ ಆ ಕೆಲಸ ಗಾಳಿಯದು. ಶಾಕ್ ಅಬ್ಸಾರ್ಬರಿನೊಳಗೆ ಸ್ಪ್ರಿಂಗಿನ ಜೊತೆ ಗಾಳಿಯೂ ಇರುತ್ತದೆ. ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ ಸುಮಾರು 3 ಅಂಗುಲ ಮಾತ್ರ. ಮುಂದೆ ಕೂತವನ ಭಾರ ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ. ಹಿಂದೆ ಕೂತವರದು ಹೆಚ್ಚುಕಡಿಮೆ ಪೂರ್ತಿ ಹಿಂದಿನ ಚಕ್ರದ ಮೇಲೆಯೇ. ಮಗ ಒಬ್ಬನೇ ಓಡಾಡುವವನು, ಗಾಳಿ ಸೊನ್ನೆಯಲ್ಲಿತ್ತು. ನಾನು ಏರಿದೊಡನೆ ಇದ್ದ ಜಾಗವೆಲ್ಲ ಕುಸಿದು, ಸ್ಪೀಡ್ ಬ್ರೇಕರಿಗೆ ಏನೂ ಉಳಿಯಲಿಲ್ಲ. ತಳ ತಟ್ಟಿತು. ಅಂದು ಬೆಳಗಿನ ಮಂಜಿನಲ್ಲಿ ಎದುರಿನ ಲಾರಿಗಳು ನಮಗೇಕೆ ದೀಪ ಮಿನುಗಿಸಿ ಬೈಯುತ್ತಿದ್ದವೆಂಬುದೂ ಆಗ ತಿಳಿಯಿತು. ಹಿಂಭಾಗ ಕುಸಿದರೆ ಮುಂದಿನ ದೀಪ ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ತೂಕದ ಪ್ರಶ್ನೆ ಬಂದದ್ದು ಹೀಗೆ. ಹೆಲ್ಮೆಟ್, ಜಾಕೆಟ್, ಚಕ್ಕುಲಿ ಡಬ್ಬಿ ಸಮೇತ ತಕ್ಕಡಿ ಹತ್ತಿದೆ. 74! ಯಜಮಾನರು ನಗಲಿಲ್ಲ. ಅಷ್ಟು ವಿವೇಕ ಅವರಿಗಿದೆ.

ಮಗ ಎಡಗಡೆಯ ಪೆಟ್ಟಿಗೆ ಕಳಚಿ, ಅದರ ಹಿಂದಿದ್ದ ವಾಲ್ವಿಗೆ ಒಂದು ಪುಟ್ಟ ಕೈಪಂಪು ಹಚ್ಚಿದ. ಪೆಟ್ರೋಲ್ ಪಂಪಿನಲ್ಲಿ ಟೈರಿಗೆ ಹಾಕುವ ಗಾಳಿ ಇದಕ್ಕೆ ಆಗದು. ಒಳಗಿನ ಜಾಗ ತೀರ ಚಿಕ್ಕದು, ಒಂದೇ ಉಸಿರಿಗೆ ತುಂಬಿ ಸೀಲು ಹರಿದೀತು. ಯಜಮಾನರು ನನ್ನ ಹೊಲಿಗೆಯ ಟೇಪು ಹಿಡಿದು ಹಿಂದಿನ ಚಕ್ರದ ಅಚ್ಚಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಗಾಡಿ ಖಾಲಿಯಿದ್ದಾಗ ಒಂದು ಅಳತೆ, ನಾವಿಬ್ಬರೂ ಹತ್ತಿದ ಮೇಲೆ ಇನ್ನೊಂದು. ಸೊನ್ನೆ ಗಾಳಿಯಲ್ಲಿ ಒಂದೂಮುಕ್ಕಾಲು ಅಂಗುಲ ಕುಸಿಯಿತು. 25 ಪೌಂಡಿಗೆ ಕುಸಿತ ನಿಂತಿತೇನೋ ನಿಜ, ಆದರೆ ನಮ್ಮ ಗಲ್ಲಿಯ ಉಬ್ಬು ದಾಟಿದಾಗ ಮಣೆಯ ಮೇಲೆ ಕೂತಂತಾಯಿತು. ಗಾಳಿಯ ಗುಣವೇ ಅದು, ಒತ್ತಿದಷ್ಟೂ ಬಿಗಿಯುತ್ತದೆ. 15ಕ್ಕೆ ಇಳಿಸಿದೆವು, ಮೆತ್ತಗಾಯಿತು. ಕೊನೆಗೆ 20ಕ್ಕೆ ನಾನು "ಸಾಕು" ಎಂದೆ. ಕೈಪಿಡಿಯಲ್ಲಿ ತೂಕದ ಪಟ್ಟಿ ಏನೇ ಇರಲಿ, ಕೊನೆಯ ಮಾತು ಹಿಂದೆ ಕೂತವರದು.

ಟೇಪು ಸುತ್ತುತ್ತ ಯಜಮಾನರು ಮೆಲ್ಲಗೆ ಕೇಳಿದರು: "ಸ್ಕೂಟರಿನಾಗೂ ನಿನಗ ಹಿಂಗ ನೋಯತಿತ್ತೇನು?"

"ನೋಯತಿತ್ತು."

"ಹೇಳಲೇ ಇಲ್ಲ ನೀ."

"ನೀವು ಕೇಳಲಿಲ್ಲ."

ಅವರು ಟೇಪನ್ನು ನನ್ನ ಹೊಲಿಗೆ ಡಬ್ಬಿಯಲ್ಲಿಟ್ಟು ಒಳಗೆ ಹೋದರು. ಆ ಸಂಜೆ ಚಹಾ ಅವರೇ ಮಾಡಿದರು, ಸಕ್ಕರೆ ತುಸು ಜಾಸ್ತಿಯೇ ಬಿದ್ದಿತ್ತು.

2020ರ ಫೆಬ್ರವರಿಯಲ್ಲಿ ಬೆಳಗಾವಿಗೆ ಹೊರಟೆವು, ಸುಮಾರು 340 ಕಿಲೋಮೀಟರು. ಅಕ್ಕನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು, ಹತ್ತು ದಿನ ಅವಳ ಜೊತೆಗಿರಬೇಕಿತ್ತು. ಬಸ್ಸಿಗೆ ಹೋಗಬಹುದಿತ್ತು. ಆದರೆ ಈಗ ಹತ್ತದಿದ್ದರೆ ಇನ್ನೆಂದೂ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆಂದು ಬೆಳಗಿನ ತಂಪಿನಲ್ಲೇ ಅಳೆದುಕೊಂಡೆವು. ಖಂಬಾಟಕಿ ಘಾಟಿನವರೆಗೆ ನಾನು ಕೈಯಾಸರೆ ಬಿಡಲಿಲ್ಲ, ಪ್ರತಿ ಉಬ್ಬಿಗೂ ಕಣ್ಣು ಮುಚ್ಚುತ್ತಿದ್ದೆ. ಸಾತಾರೆಯ ಆಚೆ ಒಂದು ಗುಂಡಿ ಬಂದೇ ಬಂತು. ಗಾಡಿ ಒಮ್ಮೆ ಕುಗ್ಗಿ, ಎದ್ದು, ಸುಮ್ಮನಾಯಿತು. ಅಷ್ಟೇ. ನಿಪ್ಪಾಣಿ ದಾಟಿ ತವಂದಿ ಘಾಟಿಗೆ ಬರುವ ಹೊತ್ತಿಗೆ ನಾನು ಕಣ್ಣು ಬಿಟ್ಟುಕೊಂಡು ಕಬ್ಬಿನ ಗಾಡಿಗಳನ್ನು ಎಣಿಸುತ್ತಿದ್ದೆ.

ಮರುದಿನ ಮಗ ಒಬ್ಬನೇ ಹಿಂತಿರುಗಬೇಕು. ಅಕ್ಕ ವಾಕರ್ ಹಿಡಿದು ಕಟ್ಟೆಗೆ ಬಂದು ನಿಂತಳು. ಅವನು ಪೆಟ್ಟಿಗೆ ಕಳಚಿ, ಎಣ್ಣೆ ಸಿಡಿಯದಂತೆ ವಾಲ್ವಿಗೆ ಬಟ್ಟೆ ಅಡ್ಡ ಹಿಡಿದು, ನಿಧಾನವಾಗಿ ಗಾಳಿ ಬಿಡತೊಡಗಿದ. ಸ್ಸ್ಸ್...

"ಏನವಾ ಅದು ಸಪ್ಪಳ?" ಎಂದಳು ಅಕ್ಕ.

"ನನ್ನ ತೂಕ ಇಳಸ್ಲಿಕ್ಹತ್ಯಾನ" ಎಂದೆ.