ಬಾವಿ ಮೇಲಿನ ಲಂಗರು

ಹೋದ ವರ್ಷ ಬೇಸಿಗೆಯಲ್ಲಿ ಅವ್ವ ಫೋನ್ ಮಾಡಿ, "ನಿಮ್ಮಪ್ಪನ ಕೈ ಮುರದದ. ಗಾಬರಿ ಆಗಬ್ಯಾಡ" ಅಂದಳು. ಈ ಎರಡು ವಾಕ್ಯ ಒಟ್ಟಿಗೆ ಕೇಳಿದವರಿಗೇ ಗೊತ್ತು ಎಷ್ಟು ಗಾಬರಿ ಆಗ್ತದೆ ಅಂತ. ರಾತ್ರಿ ಬಸ್ಸು ಹಿಡಿದು ಬೆಂಗಳೂರಿಂದ ಕಲಬುರಗಿ, ಅಲ್ಲಿಂದ ಆಳಂದ, ಅಲ್ಲಿಂದ ನಮ್ಮೂರು ಜಿಡಗಾ. ಮನೆ ಮುಟ್ಟಿದಾಗ ಅಪ್ಪ ಕಟ್ಟೆ ಮೇಲೆ ಕೂತು, ಪ್ಲಾಸ್ಟರ್ ಹಾಕಿದ ಬಲಗೈಯನ್ನು ತೊಡೆ ಮೇಲಿಟ್ಟುಕೊಂಡು ಎಡಗೈಯಲ್ಲಿ ಚಹಾ ಕುಡೀತಿದ್ದ.

ಆಗಿದ್ದಿಷ್ಟೇ. ಹೊಲದ ಬಾವಿ 60 ಅಡಿ ಆಳ. ಒಳಗಿನ ಪಂಪು ಕೆಟ್ಟಿತ್ತು, ಮೇಲೆತ್ತಬೇಕಿತ್ತು. ಬಾವಿಯ ಮೇಲೆ ಅಡ್ಡ ಗರ್ಡರು, ಅದಕ್ಕೊಂದು ಗಡಗಡಿ, ದಂಡೆಯ ಮೇಲೆ ಕೈಯಿಂದ ತಿರುಗಿಸುವ ಹಿಡಿಕೆಯ ವಿಂಚು. ಹತ್ತು ವರ್ಷದ ಹಿಂದೆ ಮಾಡಿಸಿದ್ದು. ಹಿಡಿಕೆ ಬಿಟ್ಟರೂ ಭಾರ ಕೆಳಗೆ ಜಾರಬಾರದು ಅಂತ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುವ ಕಬ್ಬಿಣದ ನಾಲಗೆ ಅದರಲ್ಲಿ ಇರ್ತದೆ. ನಾಲಗೆಯ ತುದಿ ಸವೆದು ದುಂಡಗಾಗಿತ್ತು. ಪಂಪು ಅರ್ಧ ಮೇಲೆ ಬಂದಾಗ ಅದು ಹಲ್ಲಿನಿಂದ ಜಾರಿತು. ಹಿಡಿಕೆ ಗಿರ್ರನೆ ಉಲ್ಟಾ ತಿರುಗಿ ಮಣಿಕಟ್ಟಿಗೆ ಬಡೀತು.

ಭಾರ ಎಷ್ಟಿತ್ತು ಅಂತ ಕೂತು ಲೆಕ್ಕ ಹಾಕಿದೆ. ಪಂಪು ಐವತ್ತು ಕೆಜಿ ಹತ್ತಿರ. ಎರಡು ಇಂಚಿನ 60 ಅಡಿ ಪೈಪಿನಲ್ಲಿ ನಿಂತ ನೀರೇ ಸುಮಾರು 36 ಕೆಜಿ. ಪೈಪು, ವಾಯರು ಸೇರಿದರೆ ಒಂದು ಕ್ವಿಂಟಲ್ ಆಸುಪಾಸು. ಅಷ್ಟೂ ಭಾರ ಬೆರಳುದ್ದದ ಒಂದು ನಾಲಗೆಯ ಮೇಲೆ ನಿಂತಿತ್ತು.

ಇದನ್ನು ನೋಡಿದಾಗ ನನಗೆ ನೆನಪಾಗಿದ್ದು ಗೋವಾ. ನಗಬೇಡಿ. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರ ಪುಟ್ಟ ಹಾಯಿದೋಣಿ ಮಾಂಡೋವಿ ನದಿಯಲ್ಲಿ ನಿಂತಿರ್ತದೆ. ಅದರ ಲಂಗರು ಎತ್ತುವ ಯಂತ್ರ, ವಿಂಡ್‌ಲಾಸ್ ಅಂತಾರೆ, ಕೆಟ್ಟಾಗ ಒಂದು ವೀಕೆಂಡ್ ಸಹಾಯಕ್ಕೆ ಹೋಗಿದ್ದೆ. 15 ಕೆಜಿಯ ಲಂಗರು, ಅದಕ್ಕೆ 30 ಮೀಟರ್ ಸರಪಳಿ. 8 ಎಂಎಂ ಸರಪಳಿ ಮೀಟರಿಗೆ ಸುಮಾರು 1.4 ಕೆಜಿ ತೂಗ್ತದೆ, ಅಂದ್ರೆ ಸರಪಳಿಯೇ 42 ಕೆಜಿ. ಮೋಟರು ಚೆನ್ನಾಗೇ ಇತ್ತು. ಉಪ್ಪುಗಾಳಿಗೆ ವಾಯರಿನ ತುದಿಗಳು ಹಸಿರುಗಟ್ಟಿದ್ದವು. ಅವನ್ನು ಕತ್ತರಿಸಿ ದಪ್ಪ ಕೇಬಲ್ ಹಾಕಿದೆವು, ರಿಲೇ ಬದಲಿಸಿದೆವು. ಕೊನೆಗೆ ಅವರು ಸರಪಳಿಯನ್ನು ಕಚ್ಚಿ ಹಿಡಿಯುವ ಒಂದು ಕಬ್ಬಿಣದ ತಡೆಯನ್ನು ಡೆಕ್ಕಿಗೆ ಬೋಲ್ಟ್ ಮಾಡುತ್ತ ಹೇಳಿದ್ದು ಇಷ್ಟು: ಎತ್ತೋದು ಯಂತ್ರದ ಕೆಲಸ, ಹಿಡಿದು ನಿಲ್ಲಿಸೋದು ಯಂತ್ರದ ಕೆಲಸ ಅಲ್ಲ. ಅಲೆಗೆ ದೋಣಿ ಎಳೆದಾಗ ಆ ಎಳೆತ ಗೇರಿನ ಮೇಲೆ ಬೀಳಬಾರದು.

ನಮ್ಮ ಬಾವಿ ಮೇಲೆ ಆ ತಡೆಯೇ ಇರಲಿಲ್ಲ. ಅಪ್ಪನಿಗೆ ಇದನ್ನು ಬಹಳ ಉತ್ಸಾಹದಿಂದ ವಿವರಿಸಿದೆ. ಆತ ಪೂರ್ತಿ ಕೇಳಿ, "ಬೋರ್ ಎತ್ತೋ ಹುಡುಗರು ಒಂದೊಂದು ಪೈಪಿಗೂ ಕ್ಲಾಂಪ್ ಹಾಕೋದು ನೋಡಿಲ್ಲೇನು? ಇದಕ್ಕ ಗೋವಾ ತನಕ ಹೋಗಬೇಕಿತ್ತೇನೋ ತಮ್ಮಾ?" ಅಂದ. ಕಾಕಾ ಚಹಾ ಉಗುಳುವಷ್ಟು ನಕ್ಕ.

"ಮತ್ತ ನೀವ್ಯಾಕ ಹಾಕಿಲ್ಲ?" ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮದಲ ಆರು ಮಂದಿ ಇರ್ತಿದ್ರು. ಹಗ್ಗ ಹಿಡಿಯವರು ಹಿಡಿತಿದ್ರು. ಕ್ಲಾಂಪ್ ಯಾಕ ಬೇಕಾಗ್ತದ?"

ಆರು ಮಂದಿಯಲ್ಲಿ ಒಬ್ಬ ನಾನು. ಪಂಪು ಎತ್ತುವ ದಿನ ಅಂದ್ರೆ ಓಣಿಯ ಹುಡುಗರೆಲ್ಲ ಹೊಲಕ್ಕೆ ಬರ್ತಿದ್ದೆವು. ಅವ್ವ ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತರ್ತಿದ್ದಳು. ಈಗ ಅವರಲ್ಲಿ ಇಬ್ಬರು ಪುಣೆ, ಒಬ್ಬ ಹೈದರಾಬಾದು, ಒಬ್ಬ ನನ್ನ ಹಾಗೆ ಬೆಂಗಳೂರು. ಉಳಿದವನು ಆಳಂದದಲ್ಲಿ ಅಂಗಡಿ ಇಟ್ಟಿದ್ದಾನೆ. ಹಾಗಾಗಿ ಹೋದ ವರ್ಷ ಅಪ್ಪ, ಕಾಕಾ ಇಬ್ಬರೇ ನಿಂತು ತಿರುಗಿಸಿದ್ದರು.

ಎರಡು ವಾರ ವರ್ಕ್ ಫ್ರಮ್ ಹೋಮ್ ಕೇಳಿ ಅಲ್ಲೇ ಉಳಿದೆ. ಹಳೇ ವಿಂಚು ಬಿಚ್ಚಿದೆ. ಗ್ರೀಸು ಒಣಗಿ, ಎರೆಮಣ್ಣಿನ ಧೂಳಿನ ಜೊತೆ ಸೇರಿ ಡಾಂಬರಿನಂತಾಗಿತ್ತು. ಡೀಸೆಲ್‌ನಲ್ಲಿ ತೊಳೆದು, ಹಲ್ಲಿನ ಚಕ್ರವನ್ನೂ ನಾಲಗೆಯನ್ನೂ ಹೊಸದು ಮಾಡಿಸಿ, ನಾಲಗೆ ತಾನೇ ಹಲ್ಲಿಗೆ ಬೀಳುವಂತೆ ಸ್ಪ್ರಿಂಗ್ ಹಾಕಿಸಿದೆ. ಜೊತೆಗೆ ಜೀಪಿಗೆ ಹಾಕುವಂಥ 12 ವೋಲ್ಟಿನ ವಿಂಚು ತರಿಸಿದೆ. ಟ್ರ್ಯಾಕ್ಟರ್ ಬ್ಯಾಟರಿಯಿಂದ ಓಡಿಸಬಹುದು.

ಇಲ್ಲಿಂದ ನನ್ನ ದಡ್ಡತನದ ಅಧ್ಯಾಯ. ಎರೆಭೂಮಿಯ ಬಾವಿಯ ದಂಡೆಗೆ ಟ್ರ್ಯಾಕ್ಟರ್ ತರುವಂತಿಲ್ಲ, ಮಣ್ಣು ಕುಸೀತದೆ. 10 ಮೀಟರ್ ದೂರ ನಿಲ್ಲಿಸಿದೆ. ಮನೆಯಲ್ಲಿದ್ದ 10 ಸ್ಕ್ವೇರ್ ಎಂಎಂ ವಾಯರು ಸಾಕು ಅಂದುಕೊಂಡೆ. ಭಾರ ಬಿದ್ದಾಗ ಮೋಟರು 80 ಆಂಪಿಯರ್ ಹತ್ತಿರ ಎಳೀತದೆ. ಹೋಗಿ ಬರೋದಕ್ಕೆ ಒಟ್ಟು 20 ಮೀಟರ್ ತಾಮ್ರ. ಲೆಕ್ಕ ಮಾಡಿದ್ರೆ ಎರಡೂ ಮುಕ್ಕಾಲು ವೋಲ್ಟು ವಾಯರಿನಲ್ಲೇ ಬಿಸಿಯಾಗಿ ಹೋಗ್ತದೆ. ಆದ್ರೆ ನಾನು ಲೆಕ್ಕ ಮಾಡಿದ್ದು ಆಮೇಲೆ.

ಪಂಪು ಮೇಲೇಳುತ್ತಲೇ ಮೋಟರು ನರಳಿತು. ವೋಲ್ಟೇಜು ಕುಸಿದು ರಿಲೇ ಚಟಚಟ ಬಡಿದುಕೊಂಡು, ಅದರ ಒಳಗಿನ ತುದಿಗಳು ಕಿಡಿಗೆ ಕರಗಿ ಅಂಟಿಕೊಂಡವು. ಬಟನ್ ಬಿಟ್ಟರೂ ವಿಂಚು ನಿಲ್ಲಲಿಲ್ಲ. ಎಳೀತಾನೇ ಇದೆ, ಪಂಪು ಗಡಗಡಿಯ ಕಡೆ ಬರ್ತಾನೇ ಇದೆ. ನಾನು ರಿಮೋಟನ್ನು ಒತ್ತುತ್ತ, ಒದರುತ್ತ ನಿಂತಿದ್ದೆ. ಅಪ್ಪ ಓಡಿಹೋಗಿ ಬ್ಯಾಟರಿಯ ಟರ್ಮಿನಲ್ಲನ್ನು ಎಡಗೈಯಿಂದ ಕಿತ್ತ. ಪಂಪು ಗರ್ಡರಿನಿಂದ ಎರಡಡಿ ಕೆಳಗೆ ನಿಂತಿತು. ಇನ್ನೊಂದು ಕೈಯೂ ಹೋಗುತ್ತಿತ್ತೇನೋ ಅಂತ ನೆನೆಸಿಕೊಂಡು ಅವತ್ತು ನನಗೆ ಊಟ ಸೇರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುದಿನ ಕಲಬುರಗಿಗೆ ಹೋಗಿ 35 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ತಂದೆ. ಈಗ ನಷ್ಟ 0.8 ವೋಲ್ಟಿಗಿಂತ ಕಡಿಮೆ. ಹೊಸ ರಿಲೇ, ಬ್ಯಾಟರಿ ಪಕ್ಕದಲ್ಲೇ ಒಂದು ಬ್ರೇಕರು, ಮತ್ತೆ ಕೈಗೆ ಸಿಗುವಂತೆ ಕೆಂಪು ಹಿಡಿಯ ಮೇನ್ ಸ್ವಿಚ್ಚು. ವಿಂಚು ತಿರುಗುವಾಗ ಟ್ರ್ಯಾಕ್ಟರ್ ಇಂಜಿನ್ ಚಾಲೂ ಇರಬೇಕು ಅನ್ನೋದು ನಿಯಮ; ದೋಣಿಯಲ್ಲೂ ಹಾಗೇ ಮಾಡ್ತಾರೆ. ಗರ್ಡರಿಗೆ ಪೈಪು ಹಿಡಿಯುವ ಕ್ಲಾಂಪು, ಪಂಪಿಗೆ ಬೇರೆಯದೇ ಒಂದು ಹಗ್ಗ. ಪೈಪು ಬಿಚ್ಚುವಾಗ ಭಾರವೆಲ್ಲ ಕ್ಲಾಂಪಿನ ಮೇಲೆ, ವಿಂಚಿನ ಮೇಲಲ್ಲ. ಭಾರದ ಕೆಳಗೆ ಯಾರೂ ನಿಲ್ಲುವಂತಿಲ್ಲ. ಹೂಳು ತೆಗೆಯೋದಕ್ಕೆ ಈ ವಿಂಚಿನಲ್ಲಿ ಮನುಷ್ಯರನ್ನು ಇಳಿಸುವಂತೂ ಇಲ್ಲವೇ ಇಲ್ಲ, ಅದು ಅದಕ್ಕೆ ಮಾಡಿದ್ದಲ್ಲ.

ಹಳೇ ಕೈವಿಂಚು ತೆಗೆದುಬಿಡೋಣ ಅಂದೆ. ಅಪ್ಪ ಒಪ್ಪಲಿಲ್ಲ. "ಬ್ಯಾಟರಿ ಸತ್ತರ ನಿಮ್ಮ ಕಂಪನಿಯವರು ಬರ್ತಾರೇನು?" ಅಂತ ಕೇಳಿದ. ಸರಿ, ಅದೂ ಪಕ್ಕದಲ್ಲೇ ಉಳೀತು. ಗೋವಾದ ವಿಂಡ್‌ಲಾಸಿಗೂ ಕೈಯಿಂದ ತಿರುಗಿಸುವ ಒಂದು ಹಿಡಿಕೆ ಇತ್ತು ಅನ್ನೋದನ್ನ ನಾನು ಈ ಸಲ ಹೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಪಂಪಿನ ಬುಷ್ ಹೋಯ್ತು. ನಾನು ಮೀಟಿಂಗಿನಲ್ಲಿದ್ದೆ, ವಾಟ್ಸಾಪಿಗೆ ವಿಡಿಯೋ ಬಂತು. ಕಾಕಾ ಟ್ರ್ಯಾಕ್ಟರ್ ಮೇಲೆ, ಅಪ್ಪ ರಿಮೋಟ್ ಹಿಡಿದು ದೂರ ನಿಂತಿದ್ದಾನೆ. ಪಂಪು ಸದ್ದಿಲ್ಲದೆ ಮೇಲೆ ಬಂತು, ಕ್ಲಾಂಪ್ ಬಿತ್ತು. ಇಬ್ಬರಿಂದಲೇ ಕೆಲಸ ಮುಗೀತು.

ರಾತ್ರಿ ಫೋನ್ ಮಾಡಿದೆ. ಅವ್ವ ಹೇಳಿದಳು: "ಮಂದಿ ಬರ್ತಾರ ಅಂತ ರೂಢಿ ಮ್ಯಾಲ ಇಪ್ಪತ್ತು ರೊಟ್ಟಿ ಬಡದಿದ್ದೆ. ಯಾರೂ ಬರಲಿಲ್ಲ. ಬಾಜೂ ಮನಿಗಿ ಕೊಟ್ಟು ಬಂದೆ."

ಮುಂದಿನ ಸಲ ಪಂಪು ಎತ್ತುವಾಗ ಮೊದಲೇ ಹೇಳಿ, ಬರ್ತೀನಿ ಅಂದೆ. "ಬಂದು ಏನು ಮಾಡ್ತಿ?" ಅಂದ ಅಪ್ಪ ಹಿಂದಿನಿಂದ. ರೊಟ್ಟಿ ತಿಂತೀನಿ ಅಂದೆ.