ತೊಳೆದೂ ತೊಳೆದೂ ಕೆಡಿಸಿದ್ದು

ಡರ್ಟ್ ಬೈಕ್ ಇಟ್ಟುಕೊಂಡು ಎಂಜಿನ್ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಹೆಚ್ಚಿನವರದು ಸೋಮಾರಿತನದ ಕಥೆ. ಏರ್ ಫಿಲ್ಟರ್ ತೊಳೆಯಲಿಲ್ಲ, ಧೂಳು ಒಳಗೆ ಹೋಯಿತು, ಎಂಜಿನ್ ಕೂತಿತು. ನನ್ನದು ಆ ಜಾತಿಯ ಕಥೆಯಲ್ಲ. ಓಡಿಸಿ ಬಂದ ಸಂಜೆಯೇ ಫಿಲ್ಟರ್ ಬಿಚ್ಚಿ ತೊಳೆಯುತ್ತಿದ್ದೆ, ಎಣ್ಣೆ ಹಾಕುತ್ತಿದ್ದೆ, ಸಾಲದ್ದಕ್ಕೆ ಹಾಗೆ ಮಾಡುತ್ತೇನೆಂದು ಟ್ರ್ಯಾಕಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೂ ತಿರುಗುತ್ತಿದ್ದೆ. ಎಂಜಿನ್ ಕೆಟ್ಟದ್ದು ಆ ತೊಳೆತದಿಂದಲೇ.

ನಾವಿರುವುದು ಲಂಡನ್ನಿನ ಆಗ್ನೇಯ ಮೂಲೆಯ ಪ್ಲಮ್‌ಸ್ಟೆಡ್‌ನಲ್ಲಿ. ಈಗ ಇಲ್ಲಿ ಕಣ್ಣಿಗೆ ಬೀಳುವುದು ಗುರುದ್ವಾರ, ಪಂಜಾಬಿ ಅಂಗಡಿಗಳು, ಪಕ್ಕದಲ್ಲೇ 2022ರಲ್ಲಿ ಶುರುವಾದ ಎಲಿಜಬೆತ್ ಲೈನ್. ಒಂದು ಕಾಲಕ್ಕೆ ಇದು ಮ್ಯಾಚ್‌ಲೆಸ್ ಮೋಟಾರ್‌ಬೈಕುಗಳ ಊರು. ಕಾಲಿಯರ್ ಮನೆತನದವರು ಕಟ್ಟಿದ ಕಾರ್ಖಾನೆ 1931ರಲ್ಲಿ ಎಜೆಎಸ್ ಕಂಪನಿಯನ್ನೂ ಕೊಂಡು ಇಲ್ಲಿಗೇ ತಂದಿತು. ಮಣ್ಣಿನ ಮೇಲೆ ಓಡಿಸಲೆಂದೇ ಮಾಡಿದ ಜಿ80ಸಿಎಸ್ ಎಂಬ 500 ಸಿಸಿ ಬೈಕ್ ಕೂಡ ಇಲ್ಲಿಂದಲೇ ಹೊರಬಿದ್ದದ್ದು. ಇವತ್ತು ಜಗತ್ತು ಮೋಟೋಕ್ರಾಸ್ ಎನ್ನುವ ಆಟ ಮೊದಲು ನಡೆದದ್ದೂ ದೂರವೇನಲ್ಲ. 1924ರ ಮಾರ್ಚ್ 29ರಂದು ಸರ್ರೆಯ ಕ್ಯಾಂಬರ್ಲಿಯಲ್ಲಿ. ಆಗ ಅದರ ಹೆಸರು ಸ್ಕ್ರ್ಯಾಂಬಲ್. ಮ್ಯಾಚ್‌ಲೆಸ್ ನಡೆಸುತ್ತಿದ್ದ ಸಂಸ್ಥೆ 1966ರಲ್ಲಿ ಮುಳುಗಿತು. ಅಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹಿರಿಯರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಅವರ ಮಾತು ಕೇಳಿದ್ದರೆ ನನಗೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನಗೆ ಡರ್ಟ್ ಬೈಕಿನ ಹುಚ್ಚು ಹತ್ತಿದ್ದು ಸ್ವಾನ್ಲಿಯ ಕೆನಡಾ ಹೈಟ್ಸ್‌ನಲ್ಲಿ ರೇಸ್ ನೋಡಿ. ಲಂಡನ್ ಗಡಿ ದಾಟಿದರೆ ಸಿಗುವ, ಸಿಡ್‌ಕಪ್ ಕ್ಲಬ್ಬಿನವರ ಜಾಗ ಅದು. ಸೆಕೆಂಡ್ ಹ್ಯಾಂಡ್ 250 ಸಿಸಿ ಫೋರ್‌ಸ್ಟ್ರೋಕ್ ಒಂದನ್ನು ಕೊಂಡೆ. ಹಳೆಯ ವ್ಯಾನಿನಲ್ಲಿ ಹೇರಿಕೊಂಡು ಕೆಂಟ್ ಕಡೆಯ ಪ್ರಾಕ್ಟೀಸ್ ಟ್ರ್ಯಾಕುಗಳಿಗೆ ಹೋಗಿ ಬರುವುದು, ಬಂದು ಹಿತ್ತಲಿನಲ್ಲಿ ತೊಳೆಯುವುದು ರೂಢಿಯಾಯಿತು. ಅಕ್ಕಪಕ್ಕದವರು ಕ್ರಿಕೆಟ್ಟು, ಗಾರ್ಡನ್ನು ಎಂದು ಮಾಡಿಕೊಂಡಿದ್ದ ಭಾನುವಾರವನ್ನು ನಾನು ಕೆಸರಿಗೆ ಬರೆದುಕೊಟ್ಟೆ.

ಫಿಲ್ಟರ್ ವಿದ್ಯೆ ಮಾತ್ರ ನನಗೆ ಹೊಸದಲ್ಲ ಎಂದುಕೊಂಡಿದ್ದೆ. ಹಾಸನದಲ್ಲಿ ಕಾಲೇಜು ಓದುವಾಗ ನನ್ನ ಬಳಿ ಇದ್ದದ್ದು ಯಮಾಹಾ ಆರ್‌ಎಕ್ಸ್ 100. ಅದರ ಏರ್ ಫಿಲ್ಟರ್ ಕೂಡ ಸ್ಪಂಜೇ. ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಅಣ್ಣ ಕತ್ತರಿಸಿದ ಆಯಿಲ್ ಡಬ್ಬಿಯಲ್ಲಿ ಪೆಟ್ರೋಲ್ ಸುರಿದು, ಸ್ಪಂಜನ್ನು ಅದ್ದಿ, ಲುಂಗಿ ಹಿಂಡಿದ ಹಾಗೆ ತಿರುಚಿ ಹಿಂಡಿ, ಎಂಜಿನ್ ಆಯಿಲ್ ಸವರಿ, ಮತ್ತೊಮ್ಮೆ ಹಿಂಡಿ ಒಳಗೆ ತುರುಕುತ್ತಿದ್ದ. ಐದು ನಿಮಿಷದ ಕೆಲಸ. ‘ಹೋಗ್ ಗುರೂ, ಇನ್ನ್ ಆರ್ ತಿಂಗಳು ತಲೆ ಕೆಡಿಸ್ಕೋಬೇಡ’ ಎನ್ನುತ್ತಿದ್ದ. ಆ ಗಾಡಿ ಒಂದು ದಿನವೂ ಕೈ ಕೊಡಲಿಲ್ಲ. ಟಾರು ರಸ್ತೆಯಲ್ಲಿ ಕಾಲೇಜಿಗೂ ಸಿನಿಮಾಕ್ಕೂ ಓಡುವ ಟೂಸ್ಟ್ರೋಕ್ ಬೈಕಿಗೆ ಅಷ್ಟು ಸಾಕಿತ್ತು. ಅದೇ ವಿದ್ಯೆಯನ್ನು ನಾನು ಹಾಗೇ ಪ್ಲಮ್‌ಸ್ಟೆಡ್‌ಗೆ ತಂದೆ. ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಬೋಗುಣಿಯಲ್ಲಿ ಪೆಟ್ರೋಲ್, ಶೆಡ್ಡಿನ ಬಾಗಿಲು ಮುಚ್ಚಿಕೊಂಡು. ಗೋಡೆಯ ಆ ಬದಿಗೇ ಅಡುಗೆಮನೆಯ ಗ್ಯಾಸ್ ಬಾಯ್ಲರ್. ಎಂಜಿನ್ ಒಂದೇ ಹೋದದ್ದು ನಮ್ಮ ಪುಣ್ಯ ಎಂದು ಈಗ ಅನಿಸುತ್ತದೆ.

ಪಕ್ಕದ ಮನೆಯವರು ಒಂದು ಸಂಜೆ ಬೇಲಿಯ ಆಚೆಯಿಂದ ಮೂಗು ಅರಳಿಸಿ, ‘ಪೆಟ್ರೋಲಾ? ಫೋಮಿಗಾ?’ ಎಂದು ಕೇಳಿದರು. ಬೇಕಾದರೆ ಬಂದು ತೋರಿಸುತ್ತೇನೆ ಎಂದೂ ಹೇಳಿದರು. ನಾನು ನಕ್ಕು, ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ ಎಂದೆ. ಅದು ಸುಳ್ಳೇ. ಹಾಸನದಲ್ಲಿ ಮಾಡುತ್ತಿದ್ದವನು ಆ ಅಣ್ಣ, ನಾನು ಪಕ್ಕದಲ್ಲಿ ಟೀ ಕುಡಿಯುತ್ತಾ ನಿಂತಿರುತ್ತಿದ್ದೆ. ನಾನು ಮಾಡಿದ ತಪ್ಪುಗಳಲ್ಲೆಲ್ಲ ಆ ನಗುವೇ ದೊಡ್ಡದು. ಮಿಕ್ಕವು ಅರಿಯದೆ ಮಾಡಿದ್ದು.

ಮೊದಲ ಚಳಿಗಾಲ, ವಸಂತ ಎಲ್ಲ ಸುಸೂತ್ರ. ಇಂಗ್ಲೆಂಡಿನಲ್ಲಿ ಮಳೆ, ಕೆಸರು. ಧೂಳೆಲ್ಲಿ ಬರಬೇಕು ಎಂಬ ಭಾವನೆ ನನ್ನದು. ಆಮೇಲೆ ಬಂತು 2022ರ ಬೇಸಿಗೆ. ಇಂಗ್ಲೆಂಡಿನಲ್ಲಿ 1935ರ ನಂತರ ಅಷ್ಟು ಒಣ ಜುಲೈ ಇರಲಿಲ್ಲ. ಜುಲೈ 19ರಂದು ಹೀತ್ರೂದಲ್ಲಿ 40 ಡಿಗ್ರಿ ದಾಟಿತು. ಆಗಸ್ಟ್ 24ರಿಂದ ಥೇಮ್ಸ್ ವಾಟರ್‌ನವರು ಹೋಸ್ ಪೈಪಿನಲ್ಲಿ ನೀರು ಬಿಡುವುದನ್ನೇ ನಿಷೇಧಿಸಿದರು. ಗ್ರೀನಿಚ್ ಪಾರ್ಕಿನ ಹುಲ್ಲು ನಮ್ಮ ಅರಸೀಕೆರೆ ಕಡೆಯ ಬಯಲಿನ ಬಣ್ಣಕ್ಕೆ ತಿರುಗಿತ್ತು. ಟ್ರ್ಯಾಕಿನಲ್ಲಿ ಮುಂದಿನ ಬೈಕೇ ಕಾಣದಷ್ಟು ಧೂಳು. ಟ್ರ್ಯಾಕುಗಳಿರುವ ಕೆಂಟಿನ ಗುಡ್ಡಗಳ ಮೈ ಸುಣ್ಣಕಲ್ಲಿನದಾದರೂ ನೆತ್ತಿಯ ಮಣ್ಣಿನ ತುಂಬ ಚಕಮಕಿ ಕಲ್ಲು. ಸುಣ್ಣದ ಪುಡಿ ಮೆತ್ತಗೆ. ಚಕಮಕಿಯ ಪುಡಿ ಹಾಗಲ್ಲ, ಅದು ಗಾಜನ್ನೂ ಗೀರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಯಾವ ಲೆಕ್ಕ?

ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆಂದು ನಾನು ಲೆಕ್ಕ ಹಾಕಿದ್ದು ಎಲ್ಲ ಮುಗಿದ ಮೇಲೆ. 250 ಸಿಸಿ ಫೋರ್‌ಸ್ಟ್ರೋಕ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಎರಡು ಸುತ್ತಿಗೊಮ್ಮೆ ಕಾಲು ಲೀಟರ್ ಎಳೆಯುತ್ತದೆ. ಅಲ್ಲಿಗೆ ನಿಮಿಷಕ್ಕೆ ಹೆಚ್ಚು ಕಡಿಮೆ 1,250 ಲೀಟರ್. ಸುಮ್ಮನೆ ಕೂತ ಮನುಷ್ಯನಿಗೆ ಬೇಕಾಗುವುದು ಆರೇಳು ಲೀಟರ್. ಆ ಗಾಳಿಯ ದಾರಿಗೆ ಅಡ್ಡವಾಗಿ ಇರುವುದು ಅಂಗೈಯಗಲದ ಸ್ಪಂಜೊಂದೇ.

ಆ ಬೇಸಿಗೆಯಲ್ಲಿ ನನ್ನ ಮಡಿ ಇನ್ನೂ ಹೆಚ್ಚಿತು. ಧೂಳು ಜಾಸ್ತಿ ಎಂದರೆ ತೊಳೆತವೂ ಜಾಸ್ತಿಯಾಗಬೇಕಲ್ಲ. ಸೆಪ್ಟೆಂಬರ್ ಹೊತ್ತಿಗೆ ಬೈಕ್ ಬಿಸಿಯಾದಾಗ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ತಣ್ಣಗಿದ್ದಾಗ ಒಂದೇ ಒದೆತಕ್ಕೆ ಏಳುತ್ತಿದ್ದದ್ದು, ಟ್ರ್ಯಾಕಿನ ನಡುವೆ ಆಫ್ ಆದರೆ ಬೆವರು ಕಿತ್ತುಬರುವವರೆಗೂ ಒದೆಸಿಕೊಳ್ಳುತ್ತಿತ್ತು. ಪ್ಲಗ್ ಬದಲಿಸಿದೆ, ಪೆಟ್ರೋಲ್ ಬದಲಿಸಿದೆ. ಫಿಲ್ಟರಿನ ಮೇಲೆ ಅನುಮಾನ ಬರಲೇ ಇಲ್ಲ. ಅದು ಅಷ್ಟು ಚೊಕ್ಕಟವಾಗಿತ್ತು. ಕೊನೆಗೊಂದು ದಿನ ತಣ್ಣಗಿದ್ದಾಗಲೂ ಏಳಲಿಲ್ಲ. ಕಿಕ್ಕಿಗೆ ಎದುರೊತ್ತಡವೇ ಇಲ್ಲ, ಕಾಲು ಸುಮ್ಮನೆ ಕೆಳಗೆ ಹೋಗುತ್ತಿತ್ತು.

ಆಗ ನಾಚಿಕೆ ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. ಸೀಟ್ ತೆಗೆಸಿ, ಫಿಲ್ಟರ್ ಬಿಚ್ಚಿಸಿ, ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಬೆರಳಿಗೆ ಸುತ್ತಿಕೊಂಡರು. ಫಿಲ್ಟರಿನ ಹಿಂದೆ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಇದೆಯಲ್ಲ, ಅದರ ಒಳಮೈ ಸವರಿ ಕರ್ಚೀಫನ್ನು ನನ್ನ ಮುಂದೆ ಹಿಡಿದರು. ಬೂದು ಬಣ್ಣದ ಗೆರೆ. ಬೆರಳುಗಳ ನಡುವೆ ಉಜ್ಜಿದರೆ ಗರಗರ. ಧೂಳು ಎಂದೂ ಕಾಲಿಡಬಾರದ ಜಾಗ ಅದು. ನಾನು ಅಷ್ಟು ಸಲ ಫಿಲ್ಟರ್ ಬಿಚ್ಚಿದ್ದೆ, ಆ ಕೊಳವೆಯೊಳಗೆ ಒಮ್ಮೆಯೂ ಬೆರಳು ಹಾಕಿರಲಿಲ್ಲ.

ಆಮೇಲೆ ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಕಡೆ ಮೆಲ್ಲಗೆ ಎಳೆದರು. ಫೋಮಿನ ಎರಡು ಪದರ ಅಂಟಿಸಿದ ಜಾಗದಲ್ಲಿ ಬೆಳಕು ಇಣುಕಿತು. ಹೊರಗೆ ದೊಡ್ಡ ಕಣ್ಣಿನ ಪದರ, ಒಳಗೆ ಸಣ್ಣ ಕಣ್ಣಿನದು. ಎರಡನ್ನೂ, ಕೆಳಗಿನ ಅಂಚನ್ನೂ ಗಮ್ಮಿನಲ್ಲಿ ಅಂಟಿಸಿರುತ್ತಾರೆ. ಪೆಟ್ರೋಲ್ ಆ ಗಮ್ಮನ್ನು ತಿಂದಿತ್ತು. ನಾನು ತಿರುಚಿ ಹಿಂಡಿದ್ದು ಮಿಕ್ಕದ್ದನ್ನು ಹರಿದಿತ್ತು. ಚಳಿಗಾಲದಲ್ಲಿ ಬೇಗ ಒಣಗಲೆಂದು ಮನೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಇಟ್ಟದ್ದರಿಂದಲೂ ಅದಕ್ಕೆ ಒಳ್ಳೆಯದಾಗಿರಲಿಕ್ಕಿಲ್ಲ. ಮಡಿಸಿ ಕೂರಿಸಿದಾಗ ಆ ಬಿರುಕು ಕಾಣುತ್ತಿರಲಿಲ್ಲ, ಅಷ್ಟೇ.

‘ಇದು ಬರೀ ಸ್ಪಂಜು’ ಎಂದರು. ‘ಫಿಲ್ಟರ್ ಅಂದರೆ ಎಣ್ಣೆ.’

ಫೋಮಿನ ಕಣ್ಣುಗಳು ಧೂಳಿನ ಕಣಕ್ಕಿಂತ ಎಷ್ಟೋ ದೊಡ್ಡವು. ಒಣ ಫೋಮಿನಲ್ಲಿ ಧೂಳು ಆರಾಮಾಗಿ ನುಸುಳಿ ಹೋಗುತ್ತದೆ. ಗಾಳಿ ಅಂಕುಡೊಂಕಾಗಿ ಹಾದುಹೋಗುವಾಗ ಎಳೆಎಳೆಗೆ ಹತ್ತಿದ ಅಂಟೆಣ್ಣೆಗೆ ಕಣಗಳು ಬಡಿದು ಸಿಕ್ಕಿಕೊಳ್ಳಬೇಕು. ಎಂಜಿನ್ ಆಯಿಲ್‌ಗೆ ಆ ಅಂಟಿಲ್ಲ. ಅದು ಒಂದೆರಡು ದಿನದಲ್ಲಿ ಇಳಿದು ಕೆಳಗಿನ ಅಂಚಿನಲ್ಲಿ ನಿಲ್ಲುತ್ತದೆ, ಮೇಲ್ಭಾಗ ಒಣಗುತ್ತದೆ. ಫೋಮ್ ಫಿಲ್ಟರ್ ಆಯಿಲ್ ಎಂದು ಮಾರುವುದರಲ್ಲಿ ಆರಿಹೋಗುವ ಒಂದು ದ್ರಾವಕ ಬೆರೆಸಿರುತ್ತಾರೆ. ಹಚ್ಚುವಾಗ ತೆಳ್ಳಗೆ ಎಲ್ಲೆಡೆ ಹರಡಿ, ದ್ರಾವಕ ಆರಿದ ಮೇಲೆ ಅಂಟಾಗಿ ಕೂರುತ್ತದೆ. ನೀಲಿಯೋ ಕೆಂಪೋ ಬಣ್ಣ ಹಾಕಿರುವುದು ಚಂದಕ್ಕಲ್ಲ, ಎಲ್ಲಿ ಹತ್ತಿಲ್ಲ ಎಂದು ಕಾಣಲಿ ಎಂದು. ಇನ್ನು ಫಿಲ್ಟರಿನ ಅಂಚು ಬೈಕಿನ ಮೈಗೆ ಕೂರುವ ಜಾಗಕ್ಕೆ ಗ್ರೀಸ್ ಹಚ್ಚಬೇಕು. ಅದನ್ನು ನಾನು ಮಾಡಿರಲೇ ಇಲ್ಲ. ಆರ್‌ಎಕ್ಸ್‌ಗೆ ಯಾರೂ ಹಚ್ಚುತ್ತಿರಲಿಲ್ಲ.

ಸ್ವಲ್ಪ ಕೊಳಕಾದ ಫಿಲ್ಟರ್ ಎಂಜಿನ್ನಿಗೆ ಕೆಟ್ಟದ್ದಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿದ ಮಾತು. ಎಣ್ಣೆಯ ಮೇಲೆ ಕೂತ ಧೂಳೂ ಒಂದಷ್ಟು ಧೂಳನ್ನು ಹಿಡಿಯುತ್ತದೆ. ಗಾಳಿಯ ದಾರಿ ಕಟ್ಟಿದರೆ ಎಂಜಿನ್ ಉಸಿರುಕಟ್ಟಿ ತಾನೇ ಹೇಳುತ್ತದೆ. ಬಿರುಕಿನಲ್ಲಿ ನುಸುಳುವ ಧೂಳು ಏನೂ ಹೇಳುವುದಿಲ್ಲ. ಮೇಲಾಗಿ ಪ್ರತಿ ಸಲ ಬಿಚ್ಚುವಾಗಲೂ ಅಂಚಿನ ಮೇಲೆ ಕೂತ ಮಣ್ಣು ಉದುರಿ ಕೊಳವೆಯೊಳಗೆ ಬೀಳುವ ಅಪಾಯ ಬೇರೆ. ನಾನು ಅದರ ಬಾಯಿಗೆ ಒಂದು ಬಟ್ಟೆಯನ್ನೂ ತುರುಕುತ್ತಿರಲಿಲ್ಲ.

ಎಂಜಿನ್ ಬಿಚ್ಚಿದ ವರ್ಕ್‌ಶಾಪಿನಲ್ಲಿ ಇನ್‌ಟೇಕ್ ವಾಲ್ವುಗಳನ್ನು ಕೈಗೆ ಕೊಟ್ಟರು. ಇಂಥ ಬೈಕುಗಳಲ್ಲಿ ಅವು ಟೈಟಾನಿಯಂನವು, ಮೇಲೆ ತೆಳ್ಳನೆಯ ಗಟ್ಟಿ ಲೇಪ. ಅದು ಸವೆದರೆ ಒಳಗಿನ ಮೆತ್ತನೆ ಲೋಹ ಬೇಗ ತಿಂದುಹೋಗುತ್ತದೆ. ವಾಲ್ವ್ ತನ್ನ ಸೀಟಿನಲ್ಲಿ ಹೂತುಕೊಳ್ಳುತ್ತಾ ಹೋದ ಹಾಗೆ, 0.1 ಮಿಲಿಮೀಟರ್ ಆಸುಪಾಸು ಇರಬೇಕಾದ ಸಂದಿ, ಅಂದರೆ ಕ್ಲಿಯರೆನ್ಸ್, ಇಲ್ಲವಾಗುತ್ತದೆ. ಆಮೇಲೆ ಅದು ಪೂರ್ತಿ ಮುಚ್ಚುವುದಿಲ್ಲ. ಬಿಸಿಯಾದಾಗ ಸ್ಟಾರ್ಟ್ ಆಗದಿದ್ದದ್ದು ಅದಕ್ಕೇ. ಆ ಸಂದಿ ಅಳೆಯುವ ಫೀಲರ್ ಗೇಜಿನ ಅತಿ ತೆಳ್ಳನೆಯ ಎಲೆಯೂ ಒಳಗೆ ಹೋಗಲಿಲ್ಲ. ಉಗುರಿನಿಂದ ಸವರಿದರೆ ವಾಲ್ವಿನ ಅಂಚಿನಲ್ಲಿ ತಗ್ಗು ಸಿಗುತ್ತಿತ್ತು. ಪಿಸ್ಟನ್ನಿನ ಮೈ ಮೇಲೆ ಉದ್ದುದ್ದ ಗೀರು. ಬಿಲ್ಲು ಬೈಕ್ ಕೊಂಡ ಬೆಲೆಯ ಅರ್ಧಕ್ಕೆ ಬಂತು. ನನ್ನ ಹೆಂಡತಿ ಬಿಲ್ ನೋಡಿ, ‘ರೀ, ಎಂಜಿನ್ನಿಗಿಂತ ನಿಮ್ಮ ಸ್ಪಂಜಿಗೇ ಉಪಚಾರ ಜಾಸ್ತಿ ಆಯ್ತಲ್ರೀ’ ಎಂದಳು. ಅಷ್ಟಕ್ಕೆ ಬಿಟ್ಟದ್ದು ಅವಳ ದೊಡ್ಡತನ.

ಈಗ ಮಾಡುವುದು ಹೀಗೆ. ಫಿಲ್ಟರ್ ತೊಳೆಯುವುದಕ್ಕೆಂದೇ ಮಾರುವ ದ್ರವ ಅಥವಾ ಸೀಮೆಎಣ್ಣೆ. ಪೆಟ್ರೋಲ್ ಹತ್ತಿರಕ್ಕೂ ಇಲ್ಲ. ಶೆಡ್ಡಿನ ಬಾಗಿಲು ತೆರೆದಿರುತ್ತದೆ, ಕೈಗೆ ಗ್ಲೋವ್ಸ್. ಎರಡು ಅಂಗೈ ನಡುವೆ ಒತ್ತುವುದು, ತಿರುಚುವುದಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಒಳಗಿನಿಂದ ಹೊರಗೆ ನೀರು ಹರಿಯುವ ಹಾಗೆ ಹಿಡಿದು. ಕೊಳಕು ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯುವುದಿಲ್ಲ, ಡಬ್ಬಿಯಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ. ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನದು ಮುಂದಿನ ಸಲದ ಮೊದಲ ತೊಳೆತಕ್ಕೆ ಬರುತ್ತದೆ. ಲಂಡನ್ನಿನ ನವೆಂಬರಿನಲ್ಲಿ ಫೋಮ್ ಒಣಗಲು ಎರಡು ದಿನ ಹಿಡಿದರೂ ಕಾಯುವುದೇ. ಒದ್ದೆ ಇರುವ ಕಡೆ ಎಣ್ಣೆ ಹತ್ತುವುದಿಲ್ಲ. ಎಣ್ಣೆ ಹಚ್ಚುವ ಕೆಲಸ ಪ್ಲಾಸ್ಟಿಕ್ ಚೀಲದೊಳಗೆ, ಬಣ್ಣ ಒಂದೇ ಸಮನಾಗುವವರೆಗೆ ಹಿಸುಕಿ, ಹೆಚ್ಚಾದದ್ದನ್ನು ಒತ್ತಿ ತೆಗೆದು. ಜಾಸ್ತಿ ಎಣ್ಣೆಯೂ ಬೇಡ, ಎಂಜಿನ್ ಮುಗ್ಗರಿಸುತ್ತದೆ. ಒಂದರ ಬದಲು ಮೂರು ಫಿಲ್ಟರ್ ಇಟ್ಟುಕೊಂಡಿದ್ದೇನೆ. ಧೂಳಿನ ದಿನ ಟ್ರ್ಯಾಕಿನಲ್ಲೇ ಬದಲಿಸಿದರಾಯಿತು, ಅವಸರದ ತೊಳೆತವೇ ಬೇಡ. ಕೂರಿಸಿದ ಮೇಲೆ ಅಂಚಿನ ಸುತ್ತ ಬೆರಳಾಡಿಸುತ್ತೇನೆ. ಬಿಳಿ ಬಟ್ಟೆ ಸುತ್ತಿ ಕೊಳವೆಯೊಳಗೆ ನೋಡುವುದು ಪ್ರತಿ ಸಲವೂ.

ಮೊನ್ನೆ ಈಸ್ಟ್ ಹ್ಯಾಮ್ ಕಡೆಯ ತುಮಕೂರಿನ ಹುಡುಗನೊಬ್ಬ ಫೋನ್ ಮಾಡಿದ. ಹೊಸದಾಗಿ ಕೊಂಡ ಹಿಮಾಲಯನ್ ಬೈಕು, ವೇಲ್ಸ್ ಕಡೆ ಹೋಗಿ ಬಂದಿದ್ದಾನೆ, ನನ್ನ ಫಿಲ್ಟರ್ ಪುರಾಣ ಯಾರಿಂದಲೋ ಕೇಳಿದ್ದಾನೆ. ‘ಅಣ್ಣ, ಸೀಮೆಎಣ್ಣೆ, ಸೋಪು, ಅಂಟೆಣ್ಣೆ ಎಲ್ಲಾ ತಂದಿಟ್ಟುಕೊಂಡಿದ್ದೀನಿ. ಎಲ್ಲಿಂದ ಶುರು ಮಾಡ್ಲಿ?’ ಎಂದ. ನಿನ್ನದು ಕಾಗದದ ಫಿಲ್ಟರ್, ನೀರೂ ತಾಗಿಸಬೇಡ, ಎಣ್ಣೆಯೂ ತಾಗಿಸಬೇಡ, ಕೊಳಕಾದರೆ ಹೊಸದು ಹಾಕು ಎಂದೆ. ಅವನಿಗೆ ಬೇಜಾರಾಯಿತು. ತಂದಿಟ್ಟ ಅಂಟೆಣ್ಣೆಯನ್ನು ನಾನೇ ಕೊಂಡುಕೊಳ್ಳುತ್ತೇನೆ ಅಂದಮೇಲೆ ಸುಮ್ಮನಾದ.